ಎಡಗೈ ಪಿಚರ್‌ಗೊಂದು ಮೈಸೂರು ಪೇಟ

ನಮ್ಮ ಮಾವನವರು ವಿದ್ಯುತ್ ಇಲಾಖೆಯಿಂದ ನಿವೃತ್ತರಾದ ದಿನ ಮಂಡ್ಯದಲ್ಲಿ ಒಂದು ಕಲ್ಯಾಣ ಮಂಟಪವನ್ನೇ ಹಿಡಿದಿದ್ದರಂತೆ. ಆ ಸಮಾರಂಭದ ವಿವರಗಳು ನನಗೆ ನನ್ನ ಮದುವೆಯ ವಿವರಗಳಿಗಿಂತ ಚೆನ್ನಾಗಿ ಗೊತ್ತು. ಯಾರು ಹಾರ ಹಾಕಿದರು, ಹಾಕಬೇಕಾಗಿದ್ದ ಯಾರು ಹೊಟ್ಟೆಕಿಚ್ಚಿಗೆ ಬರಲಿಲ್ಲ, ಭಾಷಣ ಕೇಳುತ್ತ ಯಾರು ನಿಜವಾಗಿ ಅತ್ತರು, ಯಾರು ಅಳು ಬರದೆ ಕರವಸ್ತ್ರವನ್ನು ಸುಮ್ಮನೆ ಮೂಗಿಗೆ ಹಿಡಿದುಕೊಂಡಿದ್ದರು, ಎಲ್ಲವೂ ಬಾಯಿಪಾಠ. ಶಾಲು, ಪೇಟ, ಹಣ್ಣಿನ ಬುಟ್ಟಿ, ಗಂಧದ ಹಾರ ಮತ್ತು ಒಂದು ಗೋಡೆ ಗಡಿಯಾರ ಸಿಕ್ಕಿದ್ದವು. ಇನ್ನು ಮೇಲೆ ಟೈಮು ನೋಡುವ ಅಗತ್ಯವೇ ಇಲ್ಲದವರಿಗೆ ಗಡಿಯಾರ ಕೊಡುವುದು ನಮ್ಮ ನಾಡಿನ ಪದ್ಧತಿ. ಯಾಕೆ ಎಂದು ಕೇಳಬಾರದು.

ಇಂಥ ಮಾವ ಹೋದ ವರ್ಷ ದೀಪಾವಳಿ ಮುಗಿಸಿಕೊಂಡು ಕ್ಯಾಂಪ್‌ಬೆಲ್‌ನ ನಮ್ಮ ಮನೆಗೆ ಬಂದರು. ಬಂದ ವಾರದೊಳಗೇ ಅವರಿಗೆ ಅಮೆರಿಕದ ಎಲ್ಲ ಸಮಸ್ಯೆಗಳೂ ಅರ್ಥವಾಗಿ ಹೋಗಿದ್ದವು, ಒಂದನ್ನು ಬಿಟ್ಟು. ಅದು ಪಕ್ಕದ ಮನೆಯ ಹಿತ್ತಲಿನಿಂದ ಬೆಳಿಗ್ಗೆ ಬೆಳಿಗ್ಗೆ ಬರುತ್ತಿದ್ದ ಧಡ್, ಧಡ್ ಎನ್ನುವ ಸದ್ದು.

"ಏನವ್ವಾ, ಆ ವಯ್ಯ ಎದ್ದಾಗ್ಲಿಂದ ಬಲೆಗೆ ಚೆಂಡು ಹೊಡೀತಾ ಅವ್ನೆ? ಕೆಲ್ಸಕ್ಕೆ ಹೋಗಕಿಲ್ವಾ?"

"ಅದೇ ಅವರ ಕೆಲಸ ಮಾವ. ಬೇಸ್‌ಬಾಲ್ ಆಟಗಾರರು. ಪಿಚರ್, ಅಂದ್ರೆ ಬೌಲರ್ ಥರ."

ಪಕ್ಕದ ಮನೆಯಾತ ಎಡಗೈ ಪಿಚರ್. ಪಂದ್ಯ ಶುರುವಾದಾಗ ಇಳಿಯುವ ದೊಡ್ಡ ಪಿಚರ್ ಅಲ್ಲ. ಪಂದ್ಯ ಮುಗಿಯುತ್ತ ಬಂದು, ಎದುರು ತಂಡದಲ್ಲಿ ಯಾರಾದರೂ ಎಡಗೈ ಬ್ಯಾಟಿನವರು ಸರದಿಗೆ ನಿಂತಾಗ, ಹೋಗಿ ಎರಡು ಮೂರು ಜನರಿಗೆ ಎಸೆದು ಬರುವ ಪಿಚರ್. ಉಳಿದ ಹೊತ್ತೆಲ್ಲ ಮೈದಾನದ ಅಂಚಿನಲ್ಲಿ ಕೂತು ಸೂರ್ಯಕಾಂತಿ ಬೀಜ ತಿಂದು ಉಗುಳುತ್ತಿರುತ್ತಾನೆ. ಸಣ್ಣ ಊರುಗಳ ತಂಡಗಳಲ್ಲಿ ಬಸ್ಸಿನ ಮೇಲೆ ಬಸ್ಸು ಹತ್ತಿ ಇಳಿದು, ನಡುವೆ ಕೆಲವು ವರ್ಷ ಟೀವಿಯಲ್ಲಿ ಬರುವ ದೊಡ್ಡ ತಂಡಗಳಲ್ಲೂ ಆಡಿದ್ದಾನೆ. ನನ್ನ ಗಂಡ ಕ್ರಿಕೆಟ್ ಬಿಟ್ಟರೆ ಬೇರೆ ಆಟವನ್ನು ಆಟವೆಂದೇ ಒಪ್ಪದವರು. "ಮೂರು ಗಂಟೆ ಕೂತು ಐದು ನಿಮಿಷ ಆಡೋದು, ಇದೂ ಒಂದು ಕೆಲಸಾನಾ?" ಎನ್ನುತ್ತಿದ್ದರು. ದಿನವಿಡೀ ಮೀಟಿಂಗುಗಳಲ್ಲಿ ಕೂತು ಕೊನೆಗೆ "ಗುಡ್ ಪಾಯಿಂಟ್" ಎಂದಷ್ಟೇ ಹೇಳಿ ಎದ್ದು ಬರುವವರ ಬಾಯಲ್ಲಿ ಈ ಮಾತು ಕೇಳಲು ನನಗೆ ತುಂಬಾ ಹಿತವಾಗಿರುತ್ತಿತ್ತು.

ಮಾವ ಮಾತ್ರ ಸುಮ್ಮನೆ ಟೀಕೆ ಮಾಡುವವರಲ್ಲ, ಸ್ಥಳ ಪರಿಶೀಲನೆ ಮಾಡುವವರು. ಮಾರನೆಯ ದಿನವೇ ಬೇಲಿಯ ಹತ್ತಿರ ಕುರ್ಚಿ ಹಾಕಿಸಿಕೊಂಡು, ಮಂಕಿ ಟೋಪಿ ಹಾಕಿಕೊಂಡು ಕೂತರು. ಆತ ಕಾಲೆತ್ತಿ, ಮೈ ತಿರುಗಿಸಿ, ಬಲೆಗೆ ಚೆಂಡು ಎಸೆದ. ಮಾವ ಕೈ ಅಡ್ಡ ಚಾಚಿ ಅಂಪೈರಿನಂತೆ ಸನ್ನೆ ಮಾಡಿದರು.

"ನೋ ಬಾಲು! ಮೊಣಕೈ ಮಡಚ್ತಾ ಅವ್ನೆ. ಇದು ಬೌಲಿಂಗಲ್ಲ ಕಣವ್ವ, ಕಲ್ಲು ಬೀರೋದು. ನಮ್ ಕಡೆ ಮಾವಿನಕಾಯ್ಗೆ ಹಿಂಗೇ ಎಸಿಯೋದು."

ನಾನು ಇದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಆತ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಚೆಂಡನ್ನು ಬೇಲಿಯ ಮೇಲಿನಿಂದ ಮಾವನ ಕೈಗೆ ಕೊಟ್ಟು, ಬೆರಳುಗಳನ್ನು ಹೊಲಿಗೆಯ ಮೇಲೆ ಹೇಗೆ ಇಡಬೇಕೆಂದು ತೋರಿಸಿದ. ಅಂದಿನಿಂದ ಇಬ್ಬರಿಗೂ ಗೆಳೆತನವಾಯಿತು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುತ್ತಿರಲಿಲ್ಲವಾದ್ದರಿಂದ ಗೆಳೆತನಕ್ಕೆ ಯಾವ ತೊಂದರೆಯೂ ಆಗಲಿಲ್ಲ.

ತೊಂದರೆ ಶುರುವಾದದ್ದು ಮಾವನಿಗೆ ಒಂದು ತೀರ್ಮಾನ ಹೊಳೆದಾಗ. ಆತ ಎಲ್ಲಿಗೂ ಹೋಗುವುದಿಲ್ಲ. ಹೆಂಡತಿ ಆಸ್ಪತ್ರೆಯಲ್ಲಿ ನರ್ಸು, ಆಕೆ ಡ್ಯೂಟಿಗೆ ಹೋಗುತ್ತಾಳೆ. ಆತ ನಿಂಬೆ ಗಿಡಕ್ಕೆ ನೀರು ಹಾಕಿಕೊಂಡು, ಚೆಂಡು ಎಸೆದುಕೊಂಡು ಮನೆಯಲ್ಲೇ ಇರುತ್ತಾನೆ. ಮಾವನ ಪ್ರಪಂಚದಲ್ಲಿ ಗಂಡಸರಿಗೆ ಇರುವುದು ಎರಡೇ ಸ್ಥಿತಿ. ಒಂದು ಸರ್ವೀಸು, ಇನ್ನೊಂದು ನಿವೃತ್ತಿ.

"ಅಂದ್ಮೇಲೆ ರಿಟೇರಾಗವ್ನೆ. ಇಷ್ಟು ಸಣ್ ವಯಸ್ಸಿಗೇ! ಪುಣ್ಯವಂತ ಬುಡು."

ಆತ ನಿವೃತ್ತನಾಗಿರಲಿಲ್ಲ. ಹಿಂದಿನ ಬೇಸಿಗೆಯಲ್ಲಿ ಅವನ ತಂಡ ಅವನನ್ನು ಕೈಬಿಟ್ಟಿತ್ತು. ಅದನ್ನು ಆತನೇ ಒಮ್ಮೆ ಬೇಲಿಯ ಬಳಿ ಹೇಳಿದ್ದ. ಮಧ್ಯಾಹ್ನ ಪಂದ್ಯದ ತಯಾರಿಗೆಂದು ಹೋದವನನ್ನು ಮ್ಯಾನೇಜರು ಒಳಗೆ ಕರೆದು ಬಾಗಿಲು ಹಾಕಿದನಂತೆ. ಬಾಗಿಲು ಹಾಕಿದ ಮೇಲೆ ಮಾತೇ ಬೇಕಾಗುವುದಿಲ್ಲವಂತೆ. ಹೊರಗೆ ಬರುವಷ್ಟರಲ್ಲಿ ಅವನ ಸಾಮಾನೆಲ್ಲ ಚೀಲಕ್ಕೆ ತುಂಬಿ ಇಟ್ಟಾಗಿತ್ತು. ಉಳಿದವರು ಷೂ ಕಟ್ಟಿಕೊಳ್ಳುವುದರಲ್ಲಿ ಎಲ್ಲಿಲ್ಲದ ಶ್ರದ್ಧೆ ತೋರಿಸುತ್ತಿದ್ದರಂತೆ.

"ಹಾಗಾದ್ರೆ ಈಗ?" ಎಂದು ನಾನು ಕೇಳಿದ್ದೆ.

"ಈಗ ಒಂದು ತಂಡ ಬಿಟ್ಟು ಇನ್ನೊಂದು ಸೇರೋದರ ಮಧ್ಯೆ ಇದೀನಿ," ಎಂದಿದ್ದ. "ಫೆಬ್ರವರಿಯಲ್ಲಿ ತಂಡಗಳ ತರಬೇತಿ ಕ್ಯಾಂಪುಗಳು ಶುರುವಾಗತ್ವೆ. ಎಡಗೈಯವರು ಯಾವಾಗ್ಲೂ ಬೇಕಾಗ್ತಾರೆ. ಫೋನ್ ಬರತ್ತೆ."

ನಾನು ತಲೆಯಾಡಿಸಿದೆ. ಸಾಫ್ಟ್‌ವೇರ್ ಕಂಪನಿಗಳೇ ತುಂಬಿರುವ ಈ ಕಣಿವೆಯಲ್ಲಿ ಬದುಕುವ ನನಗೆ ಆ ಮಾತು ಹೊಸದೇನಲ್ಲ. ಇಲ್ಲಿ ಯಾರ ಕೆಲಸವೂ ಹೋಗುವುದಿಲ್ಲ, ಎಲ್ಲರೂ "ಮುಂದಿನ ಅಧ್ಯಾಯ"ಕ್ಕೆ ಹೋಗುತ್ತಾರೆ. ಹೋದವರು ಕೆಫೆಯಲ್ಲಿ ಲ್ಯಾಪ್‌ಟಾಪು ತೆರೆದು ಕೂತು ತಾವೊಂದು ಸ್ಟಾರ್ಟಪ್ಪಿಗೆ ಸಲಹೆಗಾರರೆಂದು ಹೇಳಿಕೊಳ್ಳುತ್ತಾರೆ. ಸ್ಟಾರ್ಟಪ್ಪು ಯಾವುದೆಂದು ನಾವು ಕೇಳುವುದಿಲ್ಲ, ಅದು ಇಲ್ಲಿನ ಸಭ್ಯತೆ.

ಇಷ್ಟೆಲ್ಲ ಸೂಕ್ಷ್ಮ ಮಾವನಿಗೆ ಹೇಗೆ ಹೇಳುವುದು? ನಾನು ಬಾಯಿ ತೆರೆಯುವ ಮೊದಲೇ ಟೀವಿ ಕೆಲಸ ಕೆಡಿಸಿತು. ಆಟವಿಲ್ಲದ ಚಳಿಗಾಲದಲ್ಲಿ ಹಳೆಯ ದೃಶ್ಯಗಳನ್ನು ಮತ್ತೆ ಮತ್ತೆ ತೋರಿಸುತ್ತಾರಲ್ಲ, ಹಾಗೆ ಯಾವುದೋ ಮಹಾ ಆಟಗಾರನ ಕೊನೆಯ ವರ್ಷವನ್ನು ತೋರಿಸುತ್ತಿದ್ದರು. ಆತ ಹೋದ ಹೋದ ಊರಿನಲ್ಲೆಲ್ಲ ಎದುರಾಳಿ ತಂಡದವರೇ ಉಡುಗೊರೆ ಕೊಡುತ್ತಿದ್ದರು. ಒಬ್ಬರು ತೂಗುಕುರ್ಚಿ ಕೊಟ್ಟರು. ಇನ್ನೊಬ್ಬರು ಕುದುರೆ ಸವಾರಿಯ ಬೂಟು ಕೊಟ್ಟರು. ಸ್ಟೇಡಿಯಮ್ಮಿಗೆ ಸ್ಟೇಡಿಯಮ್ಮೇ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಮಾವ ಮುದ್ದೆ ಮುರಿಯುವುದನ್ನು ನಿಲ್ಲಿಸಿದರು.

"ಇದು ಬೀಳ್ಕೊಡುಗೆ ಅಂದ್ರೆ. ನಮ್ ಪಕ್ಕದ್ಮನೆಯವ್ನಿಗೆ ಏನ್ ಕೊಟ್ರಂತ್ಲಾ?" ಎಂದು ಮಗನನ್ನು ಕೇಳಿದರು.

"ಏನೂ ಇಲ್ಲ ಅಪ್ಪ. ಇದೆಲ್ಲ ಸ್ಟಾರ್‌ಗಳಿಗೆ. ಅವ್ರನ್ನ ಸುಮ್ನೆ ಕಳಿಸಿದ್ರು."

"ಒಂದ್ ಹಾರಾನೂ ಇಲ್ವಾ?"

"ಇಲ್ಲ."

"ಒಂದ್ ಗ್ರೂಪ್ ಫೋಟೋ?"

ಇಲ್ಲವೆಂದು ಗೊತ್ತಾದ ಮೇಲೆ ಮಾವನಿಗೆ ಊಟ ಸೇರಲಿಲ್ಲ. ಮಗನಿಗೆ ಬಡ್ತಿ ತಪ್ಪಿದಾಗಲೂ ಅವರು ಎರಡನೆಯ ಸಲ ಸಾರು ಹಾಕಿಸಿಕೊಂಡವರು. ಕೈ ತೊಳೆದು ಬಂದು ನನ್ನೆದುರು ನಿಂತು, "ಈ ದೇಸದವ್ರು ಮಾಡ್ದೇ ಹೋದ್ರೆ ನಾವ್ ಮಾಡ್ಬೇಕು ಕಣವ್ವ. ಪಕ್ಕದ್ಮನೇಲಿ ಇದ್ಕೊಂಡು ಸುಮ್ನಿರೋದು ಮನುಸ್ತನ ಅಲ್ಲ," ಎಂದರು.

ನಾನು ತಡೆಯಬಹುದಿತ್ತು. ಆದರೆ ಅಷ್ಟರಲ್ಲಿ ಮಾವ ನಮ್ಮ ಕನ್ನಡ ಸಂಘದ ಅಧ್ಯಕ್ಷರಿಗೆ ಫೋನು ಮಾಡಿಯಾಗಿತ್ತು. ಅಧ್ಯಕ್ಷರು ಉಡುಪಿ ಕಡೆಯವರು, ಯಾವುದನ್ನೂ ಹಾಳು ಮಾಡುವವರಲ್ಲ. ಹತ್ತಿರದ ಮಿಲ್ಪಿಟಾಸ್‌ನ ಒಂದು ಶಾಲೆಯ ಹಾಲಿನಲ್ಲಿ ಸಂಕ್ರಾಂತಿ ಕಾರ್ಯಕ್ರಮ ನಿಗದಿಯಾಗಿತ್ತು ಮತ್ತು ಮುಖ್ಯ ಅತಿಥಿಯಾಗಬೇಕಿದ್ದ ಡಾಕ್ಟರು ಕೊನೆಗಳಿಗೆಯಲ್ಲಿ ಕೈಕೊಟ್ಟಿದ್ದರು.

"ಪ್ರೊಫೆಶನಲ್ ಪ್ಲೇಯರಾ? ಭಾರೀ ಒಳ್ಳೇದಾಯ್ತು ಮಾರಾಯ್ರೆ," ಎಂದು ಅವರು ಖುಷಿಪಟ್ಟದ್ದು ಸ್ಪೀಕರಿನಲ್ಲಿ ನನಗೂ ಕೇಳಿಸಿತು. "ಶಾಲು ಉಂಟು, ಪೇಟ ಉಂಟು. ತಲೆ ಒಂದೇ ಬೇಕಿತ್ತು."

ನನ್ನ ಪಾಲಿಗೆ ಉಳಿದದ್ದು ಆ ತಲೆಯನ್ನು ಒಪ್ಪಿಸುವುದು. ಆತನನ್ನು ಕೇಳುವ ಧೈರ್ಯವಾಗದೆ ಮೊದಲು ಹೆಂಡತಿಯನ್ನು ಕೇಳಿದೆ. ಕಸದ ಗಾಡಿ ಬರುವ ದಿನ ಬೆಳಿಗ್ಗೆ ಇಬ್ಬರೂ ಡಬ್ಬ ಎಳೆದುಕೊಂಡು ರಸ್ತೆಗೆ ಬಂದಿದ್ದೆವು. ಆಕೆ ಡ್ಯೂಟಿಯ ನೀಲಿ ಬಟ್ಟೆಯಲ್ಲಿದ್ದಳು. ನಮ್ಮವರಿಗೆ ಹೀಗೊಂದು ಪದ್ಧತಿಯಿದೆ, ನಿವೃತ್ತರಾದವರಿಗೆ ಪೇಟ ತೊಡಿಸಿ ಶಾಲು ಹೊದಿಸುತ್ತೇವೆ, ನಮ್ಮ ಮಾವ ಅಪಾರ್ಥ ಮಾಡಿಕೊಂಡಿದ್ದಾರೆ, ಬೇಡವೆಂದರೆ ಖಂಡಿತ ಬೇಡ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದೆ.

ಆಕೆ ಡಬ್ಬವನ್ನು ರಸ್ತೆಯ ಅಂಚಿಗೆ ನೇರವಾಗಿ ನಿಲ್ಲಿಸಿದಳು. ಆಮೇಲೆ ಕೇಳಿದಳು: "ಆ ಪದವನ್ನ ಹೇಳ್ತೀರಾ? ನಿವೃತ್ತಿ ಅಂತ?"

"ಬ್ಯಾನರಿನಲ್ಲೇ ಬರೀತಾರೆ. ಆದ್ರೆ ಕನ್ನಡದಲ್ಲಿ."

"ಅವನಿಗೆ ಓದೋಕೆ ಬರಲ್ಲ."

"ಅಲ್ಲಿ ಬರೋ ಮಕ್ಕಳಲ್ಲಿ ಅರ್ಧಕ್ಕರ್ಧ ಜನಕ್ಕೂ ಬರಲ್ಲ," ಎಂದೆ.

ಆಕೆಗೆ ನಗು ಬಂತು, ನಗುತ್ತಲೇ ಕಣ್ಣು ತುಂಬಿತು. ಅವನ ಮೊಣಕೈಗೆ ಎರಡು ಸಲ ಆಪರೇಷನ್ ಆಗಿದೆಯಂತೆ. ಬೆಳಿಗ್ಗೆ ಷರಟಿನ ಮೇಲಿನ ಗುಂಡಿ ಹಾಕಿಕೊಳ್ಳಲು ಆ ಕೈ ಕತ್ತಿನವರೆಗೆ ಬರುವುದಿಲ್ಲ, ಆಕೆಯೇ ಹಾಕಬೇಕು. ಗುಂಡಿ ಹಾಕಿಸಿಕೊಂಡವನು ಹಿತ್ತಲಿಗೆ ಹೋಗಿ ಅದೇ ಕೈಯಲ್ಲಿ ಚೆಂಡು ಎಸೆಯುತ್ತಾನೆ. ಒಳಗಿನ ಲಿಗಮೆಂಟು ಇನ್ನೊಂದು ಸಲ ಹರಿದರೆ ಕೈ ಕೈಯಾಗಿ ಉಳಿಯುವುದಿಲ್ಲವೆಂದು ಡಾಕ್ಟರು ಹೇಳಿಯಾಗಿದೆ. ಹಾಗಿದ್ದೂ ಎಲ್ಲೋ ದೂರದ ಊರಿನ ಯಾವುದೋ ಪುಟ್ಟ ತಂಡ ಕರೆದರೆ ಓಡಿಹೋಗುತ್ತಾನೆ. ಕರೆಯದಿದ್ದರೆ ಮುಂದಿನ ಚಳಿಗಾಲದವರೆಗೆ ಕಾಯುತ್ತಾನೆ.

"ನಮ್ಮ ಮನೇಲಿ ಆ ಪದ ಯಾರೂ ಹೇಳೋ ಹಾಗಿಲ್ಲ," ಎಂದಳು. "ನಾನು ಹೇಳಿದ್ರೆ, ಮುಗಿಸಿದವಳು ನಾನೇ ಆಗ್ತೀನಿ. ನೀವು ಹೇಳಿ. ನಾನವನನ್ನ ಕರ್ಕೊಂಡು ಬರ್ತೀನಿ."

ನಾನು ಒಪ್ಪಿಕೊಂಡೆ. ಮನಸ್ಸಿಗೆ ಸರಿ ಬರಲಿಲ್ಲ, ಆದರೆ ಆಕೆಯ ಮುಖ ನೋಡಿ ಇಲ್ಲ ಎನ್ನಲಾಗಲಿಲ್ಲ. ಆತನಿಗೆ, ನಮ್ಮ ಹಬ್ಬದಲ್ಲಿ ಕ್ರೀಡಾಪಟುಗಳನ್ನು ಗೌರವಿಸುತ್ತೇವೆ ಎಂದಷ್ಟೇ ಹೇಳಿದೆವು. ಇದೂ ಪೂರ್ತಿ ಸುಳ್ಳಲ್ಲ. ಸಂಘದ ಹಗ್ಗಜಗ್ಗಾಟದಲ್ಲಿ ಗೆದ್ದವರಿಗೆ ಸ್ಟೀಲಿನ ಡಬ್ಬ ಕೊಡುತ್ತೇವೆ.

ಸಂಕ್ರಾಂತಿಯ ದಿನ ಆತ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಹೇಳಿದ ಸಮಯಕ್ಕೆ ಸರಿಯಾಗಿ ಬಂದ. ಆಗ ಹಾಲಿನಲ್ಲಿ ಇದ್ದವರು ಆತ, ಆತನ ಹೆಂಡತಿ ಮತ್ತು ಕುರ್ಚಿ ಹಾಕುತ್ತಿದ್ದವರು. ನಮ್ಮ ಜನ ಬರುವ ಹೊತ್ತಿಗೆ ಆತ ಕುರ್ಚಿ ಹಾಕುವುದರಲ್ಲೂ ಪಳಗಿದ್ದ. ಎಳ್ಳುಬೆಲ್ಲದ ಪೊಟ್ಟಣ, ಒಂದು ಗೇಣು ಕಬ್ಬು, ಸಕ್ಕರೆ ಅಚ್ಚಿನ ಆನೆ ಕೈಗೆ ಬಂದವು. ಎಳ್ಳುಬೆಲ್ಲ ತಿಂದು ಒಳ್ಳೆಯ ಮಾತಾಡಬೇಕೆಂದು ಯಾರೋ ಹುಡುಗಿ ಇಂಗ್ಲಿಷಿನಲ್ಲಿ ವಿವರಿಸಿದಳು. ಆತ ಗಂಭೀರವಾಗಿ ಒಪ್ಪಿಕೊಂಡ. ಎಳ್ಳುಬೆಲ್ಲ ತಿಂದ ಕೂಡಲೇ ಪಾರ್ಕಿಂಗಿನ ವಿಷಯಕ್ಕೆ ಜಗಳ ಮುಂದುವರಿಸಿದವರನ್ನು ಅವನು ನೋಡಲಿಲ್ಲ, ದೇವರು ದೊಡ್ಡವನು.

ನೃತ್ಯಗಳು ಮುಗಿದ ಮೇಲೆ ಆತನನ್ನು ವೇದಿಕೆಗೆ ಕರೆದರು. ಹಿಂದೆ ದೊಡ್ಡ ಬ್ಯಾನರು: "ನಿವೃತ್ತ ಬೇಸ್‌ಬಾಲ್ ಆಟಗಾರರಿಗೆ ಹಾರ್ದಿಕ ಬೀಳ್ಕೊಡುಗೆ." ಆತ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡ, ಅಕ್ಷರಗಳು ಎಷ್ಟು ದುಂಡಗೆ ಚೆನ್ನಾಗಿವೆ ಎಂದು ಹೊಗಳಿದ. ಮಾವ ಶಾಲು ಹೊದಿಸಿದರು. ಪೇಟ ಕೈಕೊಟ್ಟ ಡಾಕ್ಟರ ತಲೆಯ ಅಳತೆಯದಾದ್ದರಿಂದ ಆತನ ನೆತ್ತಿಯ ಮೇಲೆ ಕೂತಿತು, ಒಳಗೆ ಇಳಿಯಲಿಲ್ಲ. ಆಮೇಲೆ ಮಾವ ಮೈಕು ಹಿಡಿದರು, ಮತ್ತು ಅನುವಾದಕ್ಕೆ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡರು.

ಮಂಡ್ಯದ ಕಲ್ಯಾಣ ಮಂಟಪದಲ್ಲಿ ತಮಗೆ ಯಾರು ಯಾರು ಏನೇನು ಹೇಳಿದ್ದರೋ ಅದನ್ನೆಲ್ಲ ಮಾವ ಈಗ ಇವನಿಗೆ ಹೇಳಿದರು. ನಿಷ್ಠೆ, ಸಮಯಪಾಲನೆ, ಮೇಲಧಿಕಾರಿಗಳೊಡನೆ ಸಂಯಮ, ಕೆಳಗಿನವರೊಡನೆ ಪ್ರೀತಿ. ಬೇಸ್‌ಬಾಲಿನಲ್ಲಿ ಇವೆಲ್ಲ ಎಷ್ಟರ ಮಟ್ಟಿಗೆ ಬೇಕಾಗುತ್ತವೋ ಗೊತ್ತಿಲ್ಲ, ನಾನು ಎಲ್ಲವನ್ನೂ ಅನುವಾದಿಸಿದೆ. ಆತ ಕೈಕಟ್ಟಿ ಕೇಳುತ್ತಿದ್ದ. ಯಾರಾದರೂ ಎದ್ದು ನಿಂತು ತನ್ನ ಬಗ್ಗೆ ಇಷ್ಟು ಹೊತ್ತು ಮಾತಾಡಿದ್ದನ್ನು ಆತ ಎಂದೂ ಕೇಳಿರಲಿಲ್ಲ ಎಂದು ಅವನ ಮುಖವೇ ಹೇಳುತ್ತಿತ್ತು.

"ಇವ್ರ ನಿವೃತ್ತಿ ಜೀವನ ಸುಖವಾಗಿರ್ಲಿ ಅಂತ ದೇವ್ರಲ್ಲಿ ಕೇಳ್ಕೋತೀನಿ," ಎಂದು ಮಾವ ಮುಗಿಸಿದರು.

"ನಿಮ್ಮ ಮುಂದಿನ ಜೀವನ ಸುಖವಾಗಿರಲಿ," ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಆತನ ಹೆಂಡತಿಗೆ ಕೊಟ್ಟ ಮಾತು ನೆನಪಿತ್ತು. ಆದರೂ ಪೇಟ ಹೊತ್ತು ಖುಷಿಯಾಗಿ ನಿಂತವನ ಮುಖ ನೋಡಿ ಆ ಪದವನ್ನು ನಾನು ನುಂಗಿಕೊಂಡೆ.

ಮಾವನಿಗೆ ಇಂಗ್ಲಿಷು ಬರುವುದಿಲ್ಲ, ಆದರೆ ಇಲಾಖೆಯಲ್ಲಿ ದುಡಿದವರಿಗೆ ಆ ಒಂದು ಪದ ಬರದೆ ಇರುತ್ತದೆಯೇ? "ರಿಟೇರ್ಡು ಅನ್ನೋದ್ನ ಯಾಕವ್ವ ಬುಟ್ಟೆ?" ಎಂದು ಮೈಕಿನಲ್ಲೇ ಕೇಳಿದರು. ನಾನು ತಡವರಿಸುತ್ತಿದ್ದುದನ್ನು ಕಂಡು ಆತನ ಕೈ ಹಿಡಿದು ಕುಲುಕುತ್ತ ತಾವೇ ಹೇಳಿಬಿಟ್ಟರು: "ಯೂ ರಿಟೇರ್ಡ್! ವೆರಿ ಗುಡ್!"

ಇಡೀ ಸಭೆ ಚಪ್ಪಾಳೆ ತಟ್ಟಿತು. ಆತ ನಗುಮುಖದಲ್ಲೇ ನನ್ನ ಕಡೆ ನೋಡಿದ. ಆಮೇಲೆ ಮೈಕಿಗೆ ಬಾಗಿ ಮರ್ಯಾದೆಯಿಂದ, "ಇಲ್ಲ ಸರ್. ನಾನು ರಿಟೈರ್ ಆಗಿಲ್ಲ," ಎಂದ.

ಇನ್ನೂ ಜೋರಾಗಿ ಚಪ್ಪಾಳೆ ಬಿತ್ತು. ನಮ್ಮಲ್ಲಿ ಸನ್ಮಾನಕ್ಕೆ ಕೂತವರು ನಾನಿದಕ್ಕೆ ಅರ್ಹನಲ್ಲ, ಈ ಕಿರಿಯನಿಗೇಕೆ ಇಷ್ಟು ದೊಡ್ಡ ಗೌರವ ಎಂದು ಹೇಳಲೇಬೇಕು. ಅದೇ ವಿನಯ ಇದು ಎಂದು ಎಲ್ಲರೂ ಮೆಚ್ಚಿಕೊಂಡರು. ಮುಂದಿನ ಸಾಲಿನ ಒಬ್ಬರು, "ಎಷ್ಟು ಸಿಂಪಲ್ ಮನುಷ್ಯ ನೋಡಿ," ಎಂದರು.

"ಕ್ಯಾಂಪು ಶುರುವಾಗೋಕೆ ಇನ್ನೂ ಸ್ವಲ್ಪ ದಿನ ಇದೆ," ಎಂದು ಆತ ಚಪ್ಪಾಳೆ ನಿಲ್ಲುವ ಮೊದಲೇ ಮುಂದುವರಿಸಿದ. ದನಿ ಎತ್ತರಕ್ಕೆ ಹೋಗಿತ್ತು. "ಫೋನ್ ಬರಬಹುದು. ಎಡಗೈಯವರು ಬೇಕಾಗ್ತಾರೆ. ನನ್ನ ಕೈ ಚೆನ್ನಾಗಿದೆ."

ಆಗ ಎರಡನೆಯ ಸಾಲಿನಲ್ಲಿ ಆತನ ಹೆಂಡತಿ ಎದ್ದು ನಿಂತಳು. ಮಡಿಲಲ್ಲಿದ್ದ ಎಳ್ಳುಬೆಲ್ಲ ನೆಲಕ್ಕೆ ಚೆಲ್ಲಿತು.

"ಚೆನ್ನಾಗಿಲ್ಲ," ಎಂದಳು. ಮೈಕಿಲ್ಲದೆಯೂ ಎಲ್ಲರಿಗೂ ಕೇಳಿಸಿತು. "ನೀನು ರಿಟೈರ್ ಆಗಿದೀಯ. ಇವರ ಬಾಯಲ್ಲಿ ಹೇಳಿಸೋಣ ಅಂತ ಕರ್ಕೊಂಡು ಬಂದೆ. ನಾನೇ ಹೇಳಬೇಕಿತ್ತು. ಯಾರೂ ಫೋನ್ ಮಾಡಲ್ಲ ಕಣೋ. ಮುಗೀತು."

ಅಷ್ಟು ಜನ ಕನ್ನಡಿಗರು ಒಂದೇ ಕಡೆ ಅಷ್ಟು ಸುಮ್ಮನೆ ಕೂತದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಅಡುಗೆಮನೆಯಲ್ಲಿ ಯಾರೋ ಪೊಂಗಲಿನ ಪಾತ್ರೆ ಎಳೆಯುವ ಸದ್ದು ಮಾತ್ರ ಬರುತ್ತಿತ್ತು. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಒಬ್ಬ ಮನುಷ್ಯನ ಮನೆಯೊಳಗಿನ ದುಃಖವನ್ನು ತಂದು ಸ್ಟೇಜಿನ ಮೇಲೆ ಶಾಲು ಹೊದಿಸಿ ನಿಲ್ಲಿಸಿದ್ದೆವು.

ಆತ ಸಿಟ್ಟಾಗಲಿಲ್ಲ. ಹೆಂಡತಿಯನ್ನೇ ನೋಡುತ್ತ ನಿಂತಿದ್ದ. ಆಕೆ ಮೆಟ್ಟಿಲು ಹತ್ತಿ ಬಂದು ಅವನ ಎಡಗೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು. ಆತ ಆ ಕೈಗಳನ್ನು ನೋಡಿದ. ಆಮೇಲೆ ಮೈಕಿಗೆ ಬಾಗಿ, ಹೇಳಿ ಅಭ್ಯಾಸವಿಲ್ಲದ ಪದವನ್ನು ಹೇಳುವ ಹಾಗೆ ನಿಧಾನವಾಗಿ, "ನಾನು ರಿಟೈರ್ ಆಗಿದೀನಿ," ಎಂದ. ಹೇಳಿದ ಮೇಲೆ ಶಾಲಿನ ಅಂಚಿನಿಂದ ಮುಖ ಮುಚ್ಚಿಕೊಂಡು ಅತ್ತುಬಿಟ್ಟ.

ಈ ಸಲ ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಮಾವ ಗಾಬರಿಯಿಂದ ನನ್ನ ತೋಳು ಅಲುಗಿಸಿದರು.

"ಏನಂದ್ನವ್ವ?"

"ರಿಟೈರ್ ಆಗಿದೀನಿ ಅಂದ್ರು ಮಾವ."

"ಅದ್ನೇ ಅಲ್ವಾ ನಾನು ಆಗ್ಲಿಂದ ಹೇಳ್ತಿರೋದು?"

"ಹೌದು ಮಾವ. ಈಗ ಅವರು ಹೇಳಿದ್ರು," ಎಂದೆ. ನನ್ನ ದನಿ ಒಡೆದದ್ದು ಮಾವನ ಕೈಯಲ್ಲಿದ್ದ ಮೈಕಿನಿಂದ ಇಡೀ ಹಾಲಿಗೆ ಕೇಳಿಸಿತು.